ಮೆಲುದನಿಯ ಮಹಾನಟ: ಇನ್ನೊಕೆಂಟಿ ಸ್ಮೊಕ್ತುನೊವ್‌ಸ್ಕಿ



ನಟನ ಕಲೆಯ ಬಗ್ಗೆ ವರ್ಷಕ್ಕೊಮ್ಮೆಯಾದರೂ ನಾಲ್ಕು ಜನ ಕೂತು ಮಾತಾಡಲಿ ಎಂಬ ಆಸೆಯಿಂದ ಈ ಉಪನ್ಯಾಸದ ದತ್ತಿ ಹುಟ್ಟಿತು ಎಂದು ಸಂಘಟಕರು ಹೇಳಿದರು. ಕವಿ ಹೋದಮೇಲೂ ಪುಸ್ತಕ ಉಳಿಯುತ್ತದೆ, ಶಿಲ್ಪಿ ಹೋದಮೇಲೂ ಕಲ್ಲು ನಿಂತಿರುತ್ತದೆ. ರಂಗನಟನ ಕೆಲಸ ಮಾತ್ರ ನೋಡಿದವರ ನೆನಪಿನಲ್ಲಿ ಇರುವಷ್ಟು ದಿನ ಇದ್ದು, ಅವರೊಂದಿಗೇ ಹೋಗಿಬಿಡುತ್ತದೆ. ಅಂಥ ಕಲೆಯ ನೆನಪಿಗೆಂದು ಹಣ ಎತ್ತಿಟ್ಟವರ ಮನಸ್ಸು ದೊಡ್ಡದು. ಅವರಿಗೆ ಮೊದಲು ನನ್ನ ನಮಸ್ಕಾರ.

ಇವತ್ತಿನ ಮಾತಿಗೆ ನಾನು ಆರಿಸಿಕೊಂಡಿರುವುದು ರಷ್ಯಾದ ನಟ ಇನ್ನೊಕೆಂಟಿ ಮಿಖಾಯ್ಲೊವಿಚ್ ಸ್ಮೊಕ್ತುನೊವ್‌ಸ್ಕಿ ಅವರನ್ನು. ಕಾರಣ ಹೇಳಬೇಕು. ನಾನು ಹವ್ಯಾಸಿ ತಂಡದಲ್ಲಿ ಪಾತ್ರ ಮಾಡುತ್ತಿದ್ದ ದಿನಗಳಲ್ಲಿ ಫಿಲಂ ಸೊಸೈಟಿಯ ಒಂದು ಪ್ರದರ್ಶನದಲ್ಲಿ ಗ್ರಿಗೋರಿ ಕೋಜಿಂತ್ಸೆವ್ ಅವರ ‘ಹ್ಯಾಮ್ಲೆಟ್’ ನೋಡಿದೆ. ಕುವೆಂಪು ಅವರ ‘ರಕ್ತಾಕ್ಷಿ’ಯ ಮೂಲಕ ಆ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಇರುವುದೋ ಇಲ್ಲವಾಗುವುದೋ ಎಂಬ ಆ ಹೆಸರಾಂತ ಸ್ವಗತ ಬರುತ್ತದೆ ಎಂದು ನಾವು ನೆಟ್ಟಗೆ ಕೂತು ಕಾದೆವು. ಪರದೆಯ ಮೇಲೆ ಕಡಲ ದಂಡೆ, ಒದ್ದೆ ಬಂಡೆಗಳು. ಒಬ್ಬ ಮನುಷ್ಯ ಅವುಗಳ ನಡುವೆ ನಡೆಯುತ್ತಿದ್ದಾನೆ. ದನಿ ಕೇಳುತ್ತದೆ, ತುಟಿ ಅಲುಗುವುದಿಲ್ಲ. ನಾವು ಆತನ ಮಾತನ್ನು ಕೇಳುತ್ತಿರಲಿಲ್ಲ. ಆತ ಯೋಚಿಸುವುದು ನಮಗೆ ಕೇಳುತ್ತಿತ್ತು.

ದನಿಯನ್ನು ಕೊನೆಯ ಸಾಲಿಗೆ ಎಸೆಯಬೇಕು ಎಂದು ಕಲಿತು ಬೆಳೆದವನು ನಾನು. ಆ ರಾತ್ರಿ ಮನೆಗೆ ನಡೆದು ಹೋಗುವಾಗ ನನ್ನ ವಿದ್ಯೆಯ ಅರ್ಧ ನನಗೇ ಪ್ರಶ್ನೆಯಾಗಿತ್ತು. ಇಷ್ಟು ಕಡಿಮೆ ದನಿಯಲ್ಲಿ ಇಷ್ಟು ದೂರ ತಲುಪುವುದು ಹೇಗೆ? ಆ ದನಿ ಆತನಿಗೆ ಎಲ್ಲಿಂದ ಬಂತು? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ನಾನು ಕಂಡುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಆಲೂಗಡ್ಡೆ, ಯುದ್ಧ, ಸೆರೆ

ಸ್ಮೊಕ್ತುನೊವ್‌ಸ್ಕಿ ಹುಟ್ಟಿದ್ದು 1925ರ ಮಾರ್ಚ್ 28ರಂದು, ಸೈಬೀರಿಯದ ತೋಮ್‌ಸ್ಕ್ ಸೀಮೆಯ ತತ್ಯಾನೊವ್ಕಾ ಎಂಬ ಹಳ್ಳಿಯಲ್ಲಿ. ಮನೆತನದ ಹೆಸರು ಸ್ಮೊಕ್ತುನೊವಿಚ್. ಸ್ಮೊಕ್ತುನೊವ್‌ಸ್ಕಿ ಎಂದಾದದ್ದು ಆಮೇಲೆ, ನಾಟಕದ ಕೆಲಸಕ್ಕೆ ಬಂದಮೇಲೆ. ಹಸಿವಿನ ವರ್ಷಗಳಲ್ಲಿ ಕುಟುಂಬ ಕ್ರಾಸ್ನೊಯಾರ್‌ಸ್ಕ್ ನಗರಕ್ಕೆ ಬಂತು. ಹುಡುಗ ಬೆಳೆದದ್ದು ಸೋದರತ್ತೆಯ ಆಸರೆಯಲ್ಲಿ. ವೈದ್ಯರ ಸಹಾಯಕನಾಗುವ ಶಾಲೆಗೆ ಸೇರಿದ, ಸಿನಿಮಾ ಪ್ರೊಜೆಕ್ಟರ್ ಓಡಿಸುವುದನ್ನು ಕಲಿತ. ಅಷ್ಟರಲ್ಲಿ ಯುದ್ಧ ಬಂತು. ತಂದೆ 1942ರಲ್ಲಿ ರಣರಂಗದಲ್ಲಿ ಸತ್ತರು. 1943ರಲ್ಲಿ ಮಗನಿಗೂ ಕರೆ ಬಂತು.

ಆತನನ್ನು ಕಾಲಾಳು ಪಡೆಯ ಅಧಿಕಾರಿಗಳ ತರಬೇತಿ ಶಾಲೆಗೆ ಕಳಿಸಿದರು. ಹದಿನೆಂಟರ ಹುಡುಗನಿಗೆ ಹೊಟ್ಟೆ ತುಂಬ ಊಟವಿಲ್ಲ. ಪಾಠದ ಹೊತ್ತಿನಲ್ಲಿ ಹೊಲಕ್ಕೆ ಹೋಗಿ, ಕೊಯ್ಲಿನ ನಂತರ ಮಣ್ಣಿನಲ್ಲಿ ಉಳಿದ ಆಲೂಗಡ್ಡೆ ಆಯ್ದುಕೊಂಡ. ಅದು ಶಿಸ್ತು ಮುರಿದ ಅಪರಾಧವಾಯಿತು. ತರಬೇತಿ ಮುಗಿಯುವ ಮೊದಲೇ ರಣರಂಗಕ್ಕೆ ಅಟ್ಟಿದರು. ಕೂರ್‌ಸ್ಕ್ ಕದನದಲ್ಲಿ ಆತ ಇದ್ದ. ದ್ನೀಪರ್ ನದಿಯನ್ನು ಗುಂಡಿನ ಮಳೆಯಲ್ಲಿ ದಾಟಿ, ವರದಿಗಳನ್ನು ಆಚೆ ದಡಕ್ಕೆ ಮುಟ್ಟಿಸಿದ. ಅದಕ್ಕಾಗಿ ಧೈರ್ಯದ ಪದಕ ಮಂಜೂರಾಯಿತು, ಕೈಗೆ ಬರಲಿಲ್ಲ. ಈ ಪದಕದ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

1943ರ ಡಿಸೆಂಬರಿನಲ್ಲಿ, ಉಕ್ರೇನಿನ ಝಿಟೊಮಿರ್ ಬಳಿ, ಆತ ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಒಂದು ತಿಂಗಳು ಸೆರೆ ಶಿಬಿರಗಳಲ್ಲಿ ಕಳೆಯಿತು. ಕೈದಿಗಳನ್ನು ಜರ್ಮನಿಯ ಕಡೆಗೆ ನಡೆಸಿಕೊಂಡು ಹೋಗುತ್ತಿದ್ದಾಗ, 1944ರ ಜನವರಿಯಲ್ಲಿ, ತಪ್ಪಿಸಿಕೊಂಡ. ನಿತ್ರಾಣನಾಗಿ ಒಂದು ಹಳ್ಳಿಯ ಬಾಗಿಲು ತಟ್ಟಿದಾಗ ಉಕ್ರೇನಿನ ಒಬ್ಬ ರೈತ ಹೆಂಗಸು ಒಳಗೆ ಕರೆದುಕೊಂಡಳು. ಓಡಿಬಂದ ಕೈದಿಗೆ ಆಸರೆ ಕೊಟ್ಟವರ ಮನೆಮಂದಿಯ ಜೀವಕ್ಕೇ ಅಪಾಯವಿದ್ದ ಕಾಲ ಅದು. ಆಕೆ ಸುಮಾರು ಒಂದು ತಿಂಗಳು ಆತನನ್ನು ಬಚ್ಚಿಟ್ಟು, ಉಣಿಸಿ, ಬದುಕಿಸಿದಳು. ಅಲ್ಲಿಂದ ಆತ ಕಾಡಿನ ಗೆರಿಲ್ಲಾ ಪಡೆ ಸೇರಿದ, ಮತ್ತೆ ಸೇನೆಗೆ ಮರಳಿದ, ಜರ್ಮನಿಯ ನೆಲದಲ್ಲಿ ಯುದ್ಧ ಮುಗಿಸಿದ.

ಈ ಭಾಗವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮುಂದೆ ‘ಈಡಿಯಟ್’ ನಾಟಕದ ಪ್ರಿನ್ಸ್ ಮಿಶ್ಕಿನ್ ಎಂಬ ಪಾತ್ರದಲ್ಲಿ ಜಗತ್ತು ಕಂಡ ಆ ಒಳ್ಳೆಯತನವನ್ನು ಈ ನಟ ಪುಸ್ತಕದಲ್ಲಿ ಓದುವುದಕ್ಕೆ ಮೊದಲು ಒಂದು ಗುಡಿಸಲಿನಲ್ಲಿ ಕೈತುತ್ತಾಗಿ ಉಂಡಿದ್ದರು ಎಂದು ನಾನು ನಂಬಿದ್ದೇನೆ.

ಭೂಪಟದ ಅಂಚಿನಲ್ಲಿ

ಆಗಿನ ಸೋವಿಯತ್ ವ್ಯವಸ್ಥೆಯಲ್ಲಿ ಶತ್ರುವಿನ ಸೆರೆಯಲ್ಲಿದ್ದು ಬಂದವನ ಮೇಲೆ ಅನುಮಾನದ ಕಣ್ಣು ಇದ್ದೇ ಇರುತ್ತಿತ್ತು. ಓಡಿಬಂದವನಾದರೂ ಸರಿ, ಮತ್ತೆ ಕಾದಾಡಿದವನಾದರೂ ಸರಿ. ದೊಡ್ಡ ನಗರಗಳಲ್ಲಿ ನೆಲೆಸಲು ಅಡ್ಡಿ. ಯಾವ ರಾತ್ರಿ ಯಾರು ಬಂದು ಕರೆದೊಯ್ಯುತ್ತಾರೋ ಎಂಬ ಭಯ. ಕ್ರಾಸ್ನೊಯಾರ್‌ಸ್ಕ್‌ನ ರಂಗಶಾಲೆಯಲ್ಲಿ ಸ್ವಲ್ಪ ಕಾಲವಿದ್ದು, 1946ರಲ್ಲಿ ಅವರು ನೊರಿಲ್‌ಸ್ಕ್‌ಗೆ ಹೋದರು. ಧ್ರುವವೃತ್ತದಿಂದಾಚೆ, ನಿಕ್ಕಲ್ ಗಣಿಗಾಗಿ ಕೈದಿಗಳ ದುಡಿಮೆಯಿಂದ ಕಟ್ಟಿದ ಊರದು. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಮೂಡುವುದಿಲ್ಲ. ಅದಕ್ಕಿಂತ ದೂರ ಯಾರೂ ಗಡೀಪಾರು ಮಾಡಲಾರರು, ಅಲ್ಲೇ ಅವಿತುಕೊಂಡರೆ ಸುರಕ್ಷಿತ ಎಂಬ ಲೆಕ್ಕ ತಮ್ಮದಾಗಿತ್ತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಆ ಊರಿನ ರಂಗಮಂದಿರದಲ್ಲಿ ಐದು ವರ್ಷ ದುಡಿದರು. ಕಲಾವಿದರಲ್ಲಿ ಹಲವರು ಶಿಕ್ಷೆ ಅನುಭವಿಸುತ್ತಿದ್ದವರು ಅಥವಾ ಮುಗಿಸಿದವರು. ಅವರಲ್ಲೊಬ್ಬರು ಗಿಯೋರ್ಗಿ ಝ್ಝ್ಯೊನೊವ್. 1938ರಲ್ಲಿ ಬಂಧನಕ್ಕೊಳಗಾಗಿ ಕೊಲಿಮಾದ ಶಿಬಿರಗಳನ್ನು ಕಂಡು, ಎರಡನೆಯ ಬಂಧನದ ನಂತರ ನೊರಿಲ್‌ಸ್ಕ್‌ಗೆ ಗಡೀಪಾರಾಗಿದ್ದ ಒಳ್ಳೆಯ ನಟ. ಇಲ್ಲಿ ಕೊಳೆಯಬೇಡ, ದೊಡ್ಡ ರಂಗಭೂಮಿಗೆ ಹೋಗು ಎಂದು ಕಿರಿಯನನ್ನು ಒತ್ತಾಯಿಸಿದವರು ಅವರು. ತಾವು ಹೊರಡುವಂತಿರಲಿಲ್ಲ, ಗೆಳೆಯನನ್ನಾದರೂ ಹೊರಡಿಸಿದರು.

ಮಖಚ್ಕಲಾ, ಸ್ತಾಲಿನ್‌ಗ್ರಾದ್ ಎಂದು ಊರೂರು ತಿರುಗಿ, 1955ರಲ್ಲಿ ಮಾಸ್ಕೋಗೆ ಬಂದಾಗ ಅವರಿಗೆ ಮೂವತ್ತು ವರ್ಷ. ಒಂದರ ಮೇಲೊಂದು ರಂಗಮಂದಿರ ಬೇಡವೆಂದಿತು. ಹಾಕಿಕೊಳ್ಳಲು ಸ್ಕೀಯಿಂಗ್ ಉಡುಪು, ಮಲಗಲು ಅವರಿವರ ಮನೆಯ ಮೆಟ್ಟಿಲ ಸಂದು. ಕೊನೆಗೆ ಸಿನಿಮಾ ನಟರ ಸ್ಟುಡಿಯೋದಲ್ಲಿ ಜಾಗ ಸಿಕ್ಕಿತು. ಮಿಖಾಯಿಲ್ ರೊಮ್ ಅವರ ‘ದಾಂಟೆ ಬೀದಿಯ ಕೊಲೆ’ ಚಿತ್ರದಲ್ಲಿ ಒಂದು ಚಿಕ್ಕ ಪಾತ್ರ ಬಂತು. ಕ್ಯಾಮೆರಾ ಮುಂದೆ ನಿಂತವರಿಗೆ ಮಾತೇ ಮರೆತುಹೋಯಿತು. ಒಂದು ಟೇಕ್, ಎರಡು ಟೇಕ್, ಮತ್ತೆ ಮತ್ತೆ. ಸೆಟ್ಟಿನಲ್ಲಿದ್ದವರು ಬೇರೆಯವರನ್ನು ಕರೆಸಿ ಎಂದರು. ರೊಮ್ ಒಪ್ಪಲಿಲ್ಲ, ನಟನನ್ನು ಸಮಾಧಾನ ಮಾಡಿ, ತಾಳ್ಮೆಯಿಂದ ಕಾದರು. ಶಾಟ್ ಬಂತು. ಮುಂದೆ ತಾಲೀಮಿನಲ್ಲಿ ಮಾತು ಮರೆಯುವ ಹುಡುಗರನ್ನು ಕಂಡಾಗಲೆಲ್ಲ ನನಗೆ ರೊಮ್ ನೆನಪಾಗುತ್ತಾರೆ. ಅಂದು ಅವರು ತಾಳ್ಮೆ ಕಳೆದುಕೊಂಡಿದ್ದರೆ ಇಂದು ನಮಗೆ ಆ ಹ್ಯಾಮ್ಲೆಟ್ ಇರುತ್ತಿರಲಿಲ್ಲವೇನೋ.

ಗದ್ದಲದ ನಡುವೆ ಓದುತ್ತಿದ್ದವನು

1956ರ ‘ಸೈನಿಕರು’ ಚಿತ್ರ ವಿಕ್ಟರ್ ನೆಕ್ರಾಸೊವ್ ಅವರ ಸ್ತಾಲಿನ್‌ಗ್ರಾದ್ ಕಾದಂಬರಿಯನ್ನು ಆಧರಿಸಿದ್ದು. ಅದರಲ್ಲಿ ಫರ್ಬರ್ ಎಂಬ ಲೆಫ್ಟಿನೆಂಟನ ಪಾತ್ರವನ್ನು ಸ್ಮೊಕ್ತುನೊವ್‌ಸ್ಕಿ ಮಾಡಿದರು. ಯುದ್ಧಕ್ಕೆ ಹೇಳಿ ಮಾಡಿಸಿದವನಲ್ಲದ, ನಾಚಿಕೆಯ, ಓದುಬರಹದ ಮನುಷ್ಯ; ಆದರೂ ಕೆಚ್ಚು ಬಿಡದವನು. ಲೆನಿನ್‌ಗ್ರಾದಿನ ಬೊಲ್ಶೊಯ್ ಡ್ರಾಮಾ ಥಿಯೇಟರಿನ ನಿರ್ದೇಶಕ ಗಿಯೋರ್ಗಿ ತೊವ್‌ಸ್ತೊನೊಗೊವ್ ಆ ಕಣ್ಣುಗಳನ್ನು ನೋಡಿದರು. ಆಗ ಅವರು ದೊಸ್ತೊಯೆವ್‌ಸ್ಕಿಯ ‘ಈಡಿಯಟ್’ ಕಾದಂಬರಿಯನ್ನು ರಂಗಕ್ಕೆ ತರುತ್ತಿದ್ದರು. ನಾಯಕ ಮಿಶ್ಕಿನ್‌ನ ಪಾತ್ರಕ್ಕೆ ಈ ನಟನನ್ನು ಕರೆಸಿಕೊಂಡರು.

ತಾಲೀಮು ಶುರುವಾಯಿತು, ಪಾತ್ರ ಮಾತ್ರ ಕೈಗೆ ಬರಲಿಲ್ಲ. ಮಿಶ್ಕಿನ್ ಸುಳ್ಳು ಹೇಳಲಾರ, ದ್ವೇಷಿಸಲಾರ, ಯಾರನ್ನೂ ಕೀಳಾಗಿ ನೋಡಲಾರ. ಕೆಟ್ಟವನನ್ನು ಆಡಿ ತೋರಿಸಲು ನೂರು ದಾರಿಗಳಿವೆ. ಒಳ್ಳೆಯವನನ್ನು ತೋರಿಸುವುದು ಹೇಗೆ? ಸಹನಟರು ಬೇಸತ್ತರು. ಸ್ಮೊಕ್ತುನೊವ್‌ಸ್ಕಿಯೇ ಪಾತ್ರ ಬಿಟ್ಟುಬಿಡುವ ಯೋಚನೆ ಮಾಡಿದರು. ಅಂಥ ದಿನಗಳಲ್ಲಿ ಒಮ್ಮೆ ಲೆನ್‌ಫಿಲ್ಮ್ ಸ್ಟುಡಿಯೋದಲ್ಲಿ, ಜನ ಓಡಾಡುವ ಗದ್ದಲದ ನಡುವೆ, ಒಬ್ಬಾತ ನಿಂತು ಪುಸ್ತಕ ಓದುತ್ತಿದ್ದುದನ್ನು ಕಂಡರು. ಸುತ್ತ ಅಷ್ಟು ಸದ್ದಿದ್ದರೂ ಆತ ಬೇರೊಂದು ಲೋಕದಲ್ಲಿ ನೆಮ್ಮದಿಯಿಂದ ಇದ್ದ. ಆತ ನಿಂತ ನಿಲುವಿನಲ್ಲಿ ಮಿಶ್ಕಿನ್ ಸಿಕ್ಕಿದ ಎಂದು ಅವರೇ ಬರೆದಿದ್ದಾರೆ. ಆತ ಅನೇಕ ವರ್ಷ ಶಿಬಿರದ ಕಷ್ಟ ಉಂಡು ಬಂದವನೆಂದು ಆಮೇಲೆ ತಿಳಿಯಿತಂತೆ.

ಪಾತ್ರದ ಕೀಲಿಕೈ ಸಿಕ್ಕಿದ ಈ ಬಗೆಯನ್ನು ಗಮನಿಸಬೇಕು. ಮಿಶ್ಕಿನ್‌ನ ಮಾತು ಹೀಗಿರಬೇಕು, ಕೈ ಹೀಗಾಡಬೇಕು ಎಂದು ಅವರು ಹುಡುಕುತ್ತಿದ್ದರು. ಸಿಕ್ಕಿದ್ದು ಒಂದು ಇರವು. ನಮ್ಮ ಲಾಕ್ಷಣಿಕರು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದರು. ಮೊದಲ ಮೂರನ್ನು ಗುರು ತಿದ್ದಬಹುದು. ನಾಲ್ಕನೆಯದು ಮನಸ್ಸು ಒಂದಾಗಿ ನಿಂತಾಗ ಒಳಗಿನಿಂದ ತಾನಾಗಿ ಒಸರಬೇಕು. ರಷ್ಯಾದ ಆ ನಟ ಸ್ಟುಡಿಯೋದ ಗದ್ದಲದಲ್ಲಿ ಕಂಡದ್ದು ಈ ನಾಲ್ಕನೆಯದನ್ನು.

1957ರ ಡಿಸೆಂಬರ್ 31ರಂದು ಮೊದಲ ಪ್ರದರ್ಶನ. ಎದೆ ಸೆಟೆಸಿ, ಗಟ್ಟಿ ದನಿಯಲ್ಲಿ ಘೋಷಿಸುವ ವೀರನಾಯಕರಿಗೆ ಒಗ್ಗಿಹೋಗಿದ್ದ ರಂಗದ ಮೇಲೆ ಮೆತ್ತಗೆ, ತಡವರಿಸುತ್ತ, ಎದುರಿನವರ ಮುಖವನ್ನೇ ನೋಡುತ್ತ ಮಾತಾಡುವ ಒಬ್ಬ ಮನುಷ್ಯ ಬಂದ. ಪ್ರತಿಸ್ಪರ್ಧಿ ರೊಗೊಝಿನ್ ಆಗಿ ಯೆವ್‌ಗೆನಿ ಲೆಬೆದೆವ್ ಕುದಿಯುತ್ತಿದ್ದರೆ, ಮಿಶ್ಕಿನ್ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಸ್ಟಾಲಿನ್ ತೀರಿಕೊಂಡು ಐದು ವರ್ಷವೂ ಆಗಿರದ ಕಾಲ. ಶಿಬಿರಗಳಿಂದ ಜನ ಮನೆಗೆ ಮರಳುತ್ತಿದ್ದರು. ಹೇಳಲಾಗದ್ದನ್ನು ಎದೆಯಲ್ಲಿಟ್ಟುಕೊಂಡು ಕೂತಿದ್ದ ಪ್ರೇಕ್ಷಕರ ಎದುರು, ಎಲ್ಲರ ನೋವನ್ನೂ ಕಿವಿಗೊಟ್ಟು ಕೇಳುವ ಒಬ್ಬಾತ ನಿಂತಿದ್ದ. ರಾತ್ರಿ ಬೆಳಗಾಗುವುದರಲ್ಲಿ ಅವರು ಮಹಾನಟರೆನಿಸಿಕೊಂಡದ್ದು ಅದಕ್ಕೇ. 1966ರಲ್ಲಿ ಈ ನಾಟಕ ಹೊಸದಾಗಿ ರಂಗಕ್ಕೆ ಬಂದು ಲಂಡನ್, ಪ್ಯಾರಿಸ್‌ಗಳಲ್ಲೂ ಪ್ರದರ್ಶನ ಕಂಡಿತು.

ಕೊಳಲು ನುಡಿಸಲಾರದವರು

1960ರಲ್ಲಿ ಅವರು ಬೊಲ್ಶೊಯ್ ಡ್ರಾಮಾ ಥಿಯೇಟರನ್ನು ಬಿಟ್ಟು ಸಿನಿಮಾದ ಕಡೆಗೆ ನಡೆದರು. ರೊಮ್ ಅವರ ‘ಒಂದು ವರ್ಷದ ಒಂಬತ್ತು ದಿನಗಳು’ 1962ರಲ್ಲಿ ಬಂತು. ಅದರಲ್ಲಿ ಅಣುವಿಜ್ಞಾನಿ ಇಲ್ಯಾ ಕುಲಿಕೊವ್‌ನ ಪಾತ್ರ. ವಿಕಿರಣಕ್ಕೆ ಮೈಯೊಡ್ಡಿದ ಗೆಳೆಯನಾಗಿ ಅಲೆಕ್ಸಿ ಬತಾಲೊವ್. ಆಮೇಲೆ ಕೋಜಿಂತ್ಸೆವ್ ಅವರಿಂದ ‘ಹ್ಯಾಮ್ಲೆಟ್’ಗೆ ಕರೆ ಬಂತು.

ಶೇಕ್ಸ್‌ಪಿಯರ್ ಹುಟ್ಟಿ ನಾನೂರು ವರ್ಷವಾದ 1964ರಲ್ಲಿ ತೆರೆಕಂಡ ಈ ಚಿತ್ರಕ್ಕೆ ಬೊರಿಸ್ ಪಾಸ್ತರ್ನಾಕ್ ಅವರ ಅನುವಾದ, ದ್ಮಿತ್ರಿ ಶೊಸ್ತಕೊವಿಚ್ ಅವರ ಸಂಗೀತ. ಒಫೀಲಿಯಾ ಆಗಿ ಅನಸ್ತಾಸಿಯಾ ವೆರ್ತಿನ್‌ಸ್ಕಯಾ. ಕಪ್ಪುಬಿಳುಪಿನ ಅಗಲ ಪರದೆಯ ತುಂಬ ಕಲ್ಲು, ಕಬ್ಬಿಣ, ಬೆಂಕಿ, ಕಡಲು. ಕೋಟೆಯ ದೊಡ್ಡ ಬಾಗಿಲು ಮುಚ್ಚಿಕೊಳ್ಳುವುದನ್ನು ಕಂಡ ಕೂಡಲೇ ಡೆನ್ಮಾರ್ಕ್ ಒಂದು ಸೆರೆಮನೆಯೆಂದು ನಮಗೆ ತಿಳಿದುಬಿಡುತ್ತದೆ. ಆ ಸೆರೆಮನೆಯಲ್ಲಿ ಎಲ್ಲರೂ ಎಲ್ಲರನ್ನೂ ಕದ್ದು ಕೇಳುತ್ತಾರೆ. ಅಂಥ ಕಡೆ ಯೋಚಿಸುವ ಮನುಷ್ಯ ತುಟಿ ಮುಚ್ಚಿಕೊಂಡೇ ಯೋಚಿಸಬೇಕು. ಮೊದಲಿಗೆ ಹೇಳಿದ ಆ ಸ್ವಗತದ ಗುಟ್ಟು ಇಲ್ಲಿದೆ. ಸೆರೆಯಿಂದ ಬಂದವನೆಂಬ ಗುರುತನ್ನು ಹೊತ್ತು ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡು ಬದುಕಿದವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ.

ಚಿತ್ರದ ಎತ್ತರದ ಘಟ್ಟವೆಂದು ನನಗೆ ಅನ್ನಿಸುವುದು ಕೊಳಲಿನ ದೃಶ್ಯ. ಹಳೆಯ ಗೆಳೆಯರಿಬ್ಬರು ರಾಜನ ಪರವಾಗಿ ಗೂಢಚಾರಿಕೆಗೆ ಬಂದಿದ್ದಾರೆ. ಹ್ಯಾಮ್ಲೆಟ್ ಅವರ ಕೈಗೆ ಕೊಳಲು ಕೊಟ್ಟು ನುಡಿಸಿ ಎನ್ನುತ್ತಾನೆ. ಬರುವುದಿಲ್ಲ ಎನ್ನುತ್ತಾರೆ. ಒಂದು ಕೊಳಲನ್ನು ನುಡಿಸಲಾಗದವರು ಮನುಷ್ಯನನ್ನು ನುಡಿಸಲು ಬಂದಿರಾ ಎಂದು ಆತ ಕೇಳುವಾಗ ಸ್ಮೊಕ್ತುನೊವ್‌ಸ್ಕಿ ಅಬ್ಬರಿಸುವುದಿಲ್ಲ. ಒಳಗಿನ ಸಿಟ್ಟು ದನಿಯ ಅಂಚಿನಲ್ಲಿ ಮಿಂಚುತ್ತದೆ, ಅಷ್ಟೇ. ಎದುರಿಗಿದ್ದವರು ಕುಗ್ಗಿಹೋಗುತ್ತಾರೆ. ಕೊನೆಯಲ್ಲಿ, ವಿಷ ಏರಿದ ಹ್ಯಾಮ್ಲೆಟ್ ಕೋಟೆಯೊಳಗೆ ಸಾಯಲು ಒಲ್ಲದೆ ಹೊರಗೆ ಕಡಲ ಬಳಿ ಬಂಡೆಗಳಿಗೆ ಬರುತ್ತಾನೆ. ಅವನ ಕೊನೆಯ ಮಾತು ಮೌನವನ್ನು ಕುರಿತದ್ದು. ಈ ನಟ ಅದನ್ನು ಹೇಳಿದಾಗ ಮೌನ ಆಗಲೇ ಅಲ್ಲಿಗೆ ಬಂದು ಕೂತಿತ್ತು ಅನ್ನಿಸುತ್ತದೆ.

ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಬಂತು. 1965ರಲ್ಲಿ ಕೋಜಿಂತ್ಸೆವ್, ಸ್ಮೊಕ್ತುನೊವ್‌ಸ್ಕಿ ಇಬ್ಬರಿಗೂ ಲೆನಿನ್ ಪ್ರಶಸ್ತಿ ಸಿಕ್ಕಿತು. ಭೂಪಟದ ಅಂಚಿನಲ್ಲಿ ಅವಿತಿದ್ದವನಿಗೆ ಇಪ್ಪತ್ತು ವರ್ಷದೊಳಗೆ ದೇಶದ ಅತಿ ದೊಡ್ಡ ಮನ್ನಣೆಗಳಲ್ಲೊಂದು.

ಪ್ರಾಮಾಣಿಕ ಕಳ್ಳ

ಹ್ಯಾಮ್ಲೆಟ್ ಆದ ಎರಡೇ ವರ್ಷಕ್ಕೆ ಎಲ್ದಾರ್ ರ್ಯಜಾನೊವ್ ಅವರ ‘ಕಾರು ಜೋಪಾನ’ ಬಂತು. ನಾಯಕ ಯೂರಿ ದೆತೊಚ್ಕಿನ್ ವಿಮೆ ಏಜೆಂಟ್. ಲಂಚಕೋರರ ಕಾರುಗಳನ್ನು ಕದ್ದು ಮಾರಿ, ಹಣವನ್ನು ಅನಾಥಾಲಯಗಳಿಗೆ ಕಳಿಸುತ್ತಾನೆ. ತನ್ನ ಲಾಭಕ್ಕೆಂದು ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅದೇ ದೆತೊಚ್ಕಿನ್ ಹವ್ಯಾಸಿ ನಾಟಕ ತಂಡದಲ್ಲಿ ಹ್ಯಾಮ್ಲೆಟ್ ಪಾತ್ರ ಮಾಡುತ್ತಾನೆ. ಅವನನ್ನು ಹುಡುಕುತ್ತಿರುವ ಪೊಲೀಸ್ ಅಧಿಕಾರಿಯೂ ಅದೇ ತಂಡದ ನಟ. ಇಡೀ ದೇಶ ನಕ್ಕಿತು, ನಗುತ್ತಲೇ ಕಣ್ಣೊರೆಸಿಕೊಂಡಿತು. ಮಿಶ್ಕಿನ್‌ನನ್ನು ಮಾಸ್ಕೋದ ಬೀದಿಗೆ ತಂದು ಬಿಟ್ಟರೆ ಆತ ದೆತೊಚ್ಕಿನ್ ಆಗುತ್ತಾನೆ ಎಂದು ನೋಡಿದ ಯಾರಿಗೂ ಅನ್ನಿಸುತ್ತದೆ.

ಈ ಚಿತ್ರದ ಎರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. ದೆತೊಚ್ಕಿನ್‌ನ ಬೆನ್ನಟ್ಟುವ ಸಂಚಾರ ಪೊಲೀಸನ ಪಾತ್ರ ಮಾಡಿದವರು ಝ್ಝ್ಯೊನೊವ್. ಹೌದು, ನೊರಿಲ್‌ಸ್ಕ್‌ನ ಹಿಮದಲ್ಲಿ ಗೆಳೆಯನಿಗೆ ದಾರಿ ತೋರಿಸಿದ ಅದೇ ಮನುಷ್ಯ. ತನಿಖಾಧಿಕಾರಿಯ ಪಾತ್ರ ಒಲೆಗ್ ಯೆಫ್ರೆಮೊವ್ ಅವರದು. ಮಾಸ್ಕೋ ಆರ್ಟ್ ಥಿಯೇಟರಿನ ಹೊಣೆ ಹೊತ್ತ ಅವರೇ ಹತ್ತು ವರ್ಷದ ನಂತರ ಈ ನಟನನ್ನು ಅಲ್ಲಿಗೆ ಕರೆದುಕೊಂಡರು.

ಮೆತ್ತನೆಯ ದನಿಯಲ್ಲಿ ವಿಷ

ಇಲ್ಲಿಗೆ ನಿಲ್ಲಿಸಿದರೆ, ಮೆಲುದನಿ ಎಂದರೆ ಒಳ್ಳೆಯತನ ಎಂದು ನೀವು ತಿಳಿಯಬಹುದು. ಆದರೆ ಅವರು ಅದೇ ದನಿಯಲ್ಲಿ ಮನುಷ್ಯನ ಕತ್ತಲೆಯನ್ನೂ ತೋರಿಸಿದರು. 1970ರಲ್ಲಿ ಬಂದ, ಲೆವ್ ಕುಲಿಜಾನೊವ್ ಅವರ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಅವರು ತನಿಖಾಧಿಕಾರಿ ಪೊರ್ಫಿರಿ ಪೆತ್ರೊವಿಚ್. ನಗುಮುಖದಿಂದ ಉಪಚರಿಸುತ್ತಲೇ ಕೊಲೆಗಾರನ ಎದೆಯ ಚಿಲಕ ತೆಗೆಯುತ್ತಾ ಹೋಗುತ್ತಾನೆ. ಪುಷ್ಕಿನ್ ಅವರ ಮೊಜಾರ್ಟ್ ಮತ್ತು ಸಾಲಿಯೆರಿಯ ಕಥೆಯಲ್ಲಿ ಅವರ ಪಯಣ ಇನ್ನೂ ಕುತೂಹಲದ್ದು. 1962ರ ಸಂಗೀತ ಚಿತ್ರದಲ್ಲಿ ಅವರು ಮೊಜಾರ್ಟ್. 1979ರಲ್ಲಿ ಮಿಖಾಯಿಲ್ ಶ್ವೈತ್ಸರ್ ಅವರ ‘ಪುಟ್ಟ ದುರಂತಗಳು’ ಚಿತ್ರದಲ್ಲಿ ಮೊಜಾರ್ಟ್‌ಗೆ ವಿಷವಿಡುವ ಸಾಲಿಯೆರಿ. ಒಂದೇ ಕಥೆಯ ಎರಡೂ ದಡಗಳಲ್ಲಿ ನಿಂತು ಬಂದವರು. ಅವರ ಸಾಲಿಯೆರಿಯಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ಕಾಣುವುದು ದೇವರು ತನಗೆ ಕೊಡಲಿಲ್ಲವೆಂಬ ಅಳಲು.

ರಂಗದ ಮೇಲೆ ಈ ದಾರಿಯ ತುತ್ತತುದಿ 1984ರ ‘ಗೊಲೊವ್ಲ್ಯೊವ್ ಕುಟುಂಬ’. ಮಾಸ್ಕೋ ಆರ್ಟ್ ಥಿಯೇಟರಿಗೆ ಲೆವ್ ದೊದಿನ್ ನಿರ್ದೇಶಿಸಿದ ಈ ನಾಟಕದಲ್ಲಿ ಅವರು ಯೂದುಷ್ಕಾ. ಸಿಹಿಮಾತು, ಪ್ರಾರ್ಥನೆ, ನಯವಿನಯಗಳನ್ನೇ ಜೇಡದ ಬಲೆಯಂತೆ ನೇಯ್ದು ತನ್ನ ಕುಟುಂಬವನ್ನೇ ನುಂಗಿಹಾಕುವವನು. ಮಿಶ್ಕಿನ್‌ನ ದನಿಯಲ್ಲಿ ಜನ ಆಸರೆ ಪಡೆದಿದ್ದರು. ಯೂದುಷ್ಕಾನ ದನಿಯೂ ಅಷ್ಟೇ ಮೆತ್ತಗಿತ್ತು, ಆದರೆ ಅದು ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ದನಿಯ ಏರಿಳಿತ ಒಂದೇ. ಎದುರಿನವರಿಗೆ ಕಿವಿಗೊಟ್ಟ ದನಿಗೂ ಕೊಡದ ದನಿಗೂ ದೇವರು-ದೆವ್ವಗಳ ಅಂತರ. ಈ ನಟನಿಂದ ನಾನು ಕಲಿತ ದೊಡ್ಡ ಪಾಠ ಇದು.

ಬರೀ ದನಿಯಾಗಿಯೂ ಅವರು ಒಂದು ಮಹಾಕೃತಿಯಲ್ಲಿ ಇದ್ದಾರೆ. ಅಂದ್ರೇ ತರ್ಕೊವ್‌ಸ್ಕಿಯ ‘ಕನ್ನಡಿ’ಯಲ್ಲಿ (1975) ಕಥೆ ಹೇಳುವ ಮನುಷ್ಯನ ಮುಖವನ್ನು ನಾವು ಕಾಣುವುದಿಲ್ಲ. ತಾಯಿಯೊಡನೆ, ಹೆಂಡತಿಯೊಡನೆ ಮಾತಾಡುವ ಒಂದು ದಣಿದ ದನಿ ಮಾತ್ರ ಕೇಳುತ್ತದೆ. ಆ ದನಿ ಸ್ಮೊಕ್ತುನೊವ್‌ಸ್ಕಿಯವರದು.

ಆಳಲು ಬಾರದ ದೊರೆ, ಎಲೆ ಉದುರಿದ ಮರ

ಚೆಕಾವ್ ಅವರ ನಾಯಕರು ಈ ನಟನಿಗೆ ಹತ್ತಿರದ ನೆಂಟರಂತಿದ್ದರು. 1970ರಲ್ಲಿ ಅಂದ್ರೇ ಕೊಂಚಲೊವ್‌ಸ್ಕಿಯ ‘ವಾನ್ಯಾ ಮಾಮ’ ಚಿತ್ರದಲ್ಲಿ ಅವರು ವಾನ್ಯಾ. ಡಾಕ್ಟರ್ ಆಗಿ ಸೆರ್ಗೈ ಬೊಂದಾರ್ಚುಕ್. ಚೆಕಾವ್ ಅವರದಲ್ಲದಿದ್ದರೂ ಅದೇ ಬಳಗಕ್ಕೆ ಸೇರಿದ ಪಾತ್ರವೊಂದಿತ್ತು: 1973ರಲ್ಲಿ ಮಾಸ್ಕೋದ ಮಾಲಿ ಥಿಯೇಟರಿನಲ್ಲಿ ಬೊರಿಸ್ ರವೆನ್‌ಸ್ಕಿಖ್ ಅವರ ನಿರ್ದೇಶನದಲ್ಲಿ ‘ದೊರೆ ಫ್ಯೋದರ್’. ಭಯಂಕರ ಇವಾನನ ಮಗನಾಗಿ ಹುಟ್ಟಿ, ಎಲ್ಲರನ್ನೂ ಒಂದುಗೂಡಿಸಲು ಹೋಗಿ, ಎಲ್ಲರನ್ನೂ ಕಳೆದುಕೊಳ್ಳುವ ಮೃದು ಮನಸ್ಸಿನ ದೊರೆ. ಅದಕ್ಕೆ ಗಿಯೋರ್ಗಿ ಸ್ವಿರಿದೊವ್ ವೃಂದಗಾನ ರಚಿಸಿಕೊಟ್ಟರು.

1976ರಲ್ಲಿ ಯೆಫ್ರೆಮೊವ್ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಚೆಕಾವ್ ಅವರ ‘ಇವಾನೊವ್’ ಮಾಡಿಸಿದರು. ದವೀದ್ ಬೊರೊವ್‌ಸ್ಕಿಯ ರಂಗಸಜ್ಜಿಕೆ: ಮನೆಯ ಗೋಡೆಗಳ ಮೇಲೆಲ್ಲ ಎಲೆ ಉದುರಿದ ಕೊಂಬೆಗಳು, ನಡುವೆ ಬಯಲು. ಪೀಠೋಪಕರಣವಿಲ್ಲದ ಆ ಬಯಲಿನಲ್ಲಿ ಇವಾನೊವ್‌ಗೆ ಒರಗಲು ಜಾಗವಿಲ್ಲ. ಬದುಕಿನ ಉತ್ಸಾಹ ಬತ್ತಿದವನು, ಏಕೆ ಬತ್ತಿತೆಂದು ತನಗೇ ತಿಳಿಯದವನು, ತನ್ನ ಮೇಲೆ ತನಗೇ ನಾಚಿಕೊಳ್ಳುವವನು. 1974ರಲ್ಲಿ ಸೋವಿಯತ್ ಒಕ್ಕೂಟದ ಜನತಾ ಕಲಾವಿದ ಎಂಬ ಬಿರುದು ಬಂದಿತ್ತು. ಹೆಸರಿಗೆ ಕೊರತೆಯಿರಲಿಲ್ಲ. ಹಾಗಿದ್ದೂ ಪ್ರತಿ ಪಾತ್ರವನ್ನೂ ಹೊಸಬನಂತೆ ಸೊನ್ನೆಯಿಂದ ಶುರುಮಾಡುತ್ತಿದ್ದರು.

ಪದಕ

ಈಗ ಆ ಪದಕದ ವಿಷಯ. ದ್ನೀಪರ್ ನದಿಯ ದಡದಲ್ಲಿ ಸಂಪಾದಿಸಿದ ಧೈರ್ಯದ ಪದಕ ಅವರನ್ನು ಹುಡುಕಿಕೊಂಡು ಬರಲು ಅರ್ಧ ಶತಮಾನದ ಹತ್ತಿರ ಹಿಡಿಯಿತು. ಬಂದದ್ದು ಮಾಸ್ಕೋ ಆರ್ಟ್ ಥಿಯೇಟರಿನ ರಂಗದ ಮೇಲೆ, ಬುಲ್ಗಾಕೊವ್ ಅವರ ಮೊಲಿಯೇರ್ ನಾಟಕದ ಪ್ರದರ್ಶನಕ್ಕೆ ಮುನ್ನ. ಪ್ರೇಕ್ಷಕರ ಎದುರಿಗೆ ಅದನ್ನು ಅವರ ಕೈಗಿತ್ತರು. ಆಮೇಲೆ ನಾಟಕ ನಡೆಯಿತು. 1994ರ ಆಗಸ್ಟ್ 3ರಂದು, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮಾಸ್ಕೋದ ನೊವೊದೆವಿಚಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಈ ಸಭೆಯಲ್ಲಿ ಇದೀಗ ಬಣ್ಣ ಹಚ್ಚಲು ಕಲಿಯುತ್ತಿರುವ ಹುಡುಗ ಹುಡುಗಿಯರು ಕೂತಿದ್ದೀರಿ. ನಿಮಗೊಂದು ಮಾತು. ದನಿಯನ್ನು ಗಟ್ಟಿ ಮಾಡಿಕೊಳ್ಳಿ, ಅದು ಬೇಕು. ನಮ್ಮ ಕಂಪನಿ ನಾಟಕದ ಹಿರಿಯರು ಮೈಕಿಲ್ಲದೆ ಬಯಲನ್ನು ಗೆದ್ದ ವಿದ್ಯೆ ಅದು. ಅದರ ಜೊತೆಗೆ, ರಂಗದ ಮೇಲೆ ನಿಮ್ಮ ಮಾತಿಲ್ಲದ ಹೊತ್ತಿನಲ್ಲಿ ಎದುರಿನ ಪಾತ್ರ ಹೇಳುವುದನ್ನು ನಿಜವಾಗಿ ಕೇಳಿಸಿಕೊಳ್ಳಿ. ಜೀವಕ್ಕೆ ಎರವಾಗಬಹುದೆಂದು ಗೊತ್ತಿದ್ದೂ ಒಬ್ಬಾಕೆ ಬಾಗಿಲು ತಟ್ಟಿದ ಸದ್ದನ್ನು ಕೇಳಿಸಿಕೊಂಡಳು. ಒಬ್ಬ ನಿರ್ದೇಶಕ ಮಾತು ಮರೆತ ನಟನ ಮೌನವನ್ನು ಕೇಳಿಸಿಕೊಂಡರು. ಹಾಗೆ ಉಳಿದುಬಂದ ನಟ ಬದುಕಿಡೀ ತನ್ನ ಪ್ರೇಕ್ಷಕರಿಗೆ ಕಿವಿಯಾದರು. ಅವರ ದನಿ ನನ್ನಂಥ ಒಬ್ಬ ಹವ್ಯಾಸಿ ನಟನ ತನಕ ಬಂದು ತಲುಪಿದ್ದು ಆ ದಾರಿಯಲ್ಲಿ.